ಬೆರಳಿನ ರಕ್ತ, ತೋಳಿನ ರಕ್ತ

ಭಾರತದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಅಲ್ಲ, ನೂರಕ್ಕೆ 41 ಮಂದಿಗೆ ಇದೆ. ಎರಡೂ ಸರ್ಕಾರದ್ದೇ ಅಂಕಿ. ಎರಡರ ಮೇಲೂ ಕೇಂದ್ರ ಆರೋಗ್ಯ ಸಚಿವಾಲಯದ ಮುದ್ರೆ ಇದೆ. ಮೊದಲನೆಯದು 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು, ಕರಾರುವಾಕ್ಕಾಗಿ ಹೇಳಿದರೆ 67.1. ಎರಡನೆಯದು 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯದು, ಅಲ್ಲಿ 40.5. ಕೆಲವೇ ವರ್ಷಗಳಲ್ಲಿ ದೇಶದ ಕಾಲುಭಾಗ ಮಕ್ಕಳ ರಕ್ತ ಇದ್ದಕ್ಕಿದ್ದಂತೆ ತೆಳುವಾಯಿತು ಎಂದು ಯಾವ ವೈದ್ಯರೂ ನಂಬುವುದಿಲ್ಲ. ಆದರೂ ಪತ್ರಿಕೆಗಳು ತಮಗೆ ಬೇಕಾದ ದಿನ ಬೇಕಾದ ಅಂಕಿಯನ್ನು ತಲೆಬರಹ ಮಾಡಿಕೊಂಡವು, ಮಂತ್ರಿಗಳು ತಮಗೆ ಬೇಕಾದುದನ್ನು ಭಾಷಣಕ್ಕೆ ಎತ್ತಿಕೊಂಡರು.

ಈ ಅಂತರದ ದೊಡ್ಡ ಪಾಲು ಮಗುವಿನ ಯಾವ ಜಾಗದಿಂದ ರಕ್ತ ತೆಗೆದರು ಎಂಬುದರಲ್ಲಿದೆ. ಕುಟುಂಬ ಸಮೀಕ್ಷೆಯವರು ಬೆರಳ ತುದಿಗೆ ಚುಚ್ಚಿ ಒಂದು ಹನಿ ತೆಗೆದರು. ವರ್ಷ ತುಂಬದ ಕೂಸಾದರೆ ಹಿಮ್ಮಡಿಗೆ ಚುಚ್ಚಿದರು. ಪೋಷಣಾ ಸಮೀಕ್ಷೆಯವರು ತೋಳಿನ ರಕ್ತನಾಳಕ್ಕೆ ಸೂಜಿ ಹಾಕಿ ಟ್ಯೂಬಿನಲ್ಲಿ ರಕ್ತ ತುಂಬಿ ಲ್ಯಾಬಿಗೆ ಕಳಿಸಿದರು. ವಯಸ್ಸಿನ ವ್ಯತ್ಯಾಸವೂ ಇದೆ ಎನ್ನುವುದನ್ನು ಮರೆಯಬಾರದು: ಕುಟುಂಬ ಸಮೀಕ್ಷೆ ಆರು ತಿಂಗಳಿಂದ ಲೆಕ್ಕ ಹಿಡಿಯುತ್ತದೆ, ಪೋಷಣಾ ಸಮೀಕ್ಷೆಯ 41 ಎನ್ನುವುದು ಒಂದು ವರ್ಷ ತುಂಬಿದವರದು. ಆರರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ರಕ್ತಹೀನತೆ ಹೆಚ್ಚು. ಆದರೆ ಆ ಆರು ತಿಂಗಳ ಪಾಲು ಇಡೀ ಗುಂಪಿನ ಒಂಬತ್ತನೇ ಒಂದು ಭಾಗ ಮಾತ್ರ, ಅದೊಂದರಿಂದ ಇಷ್ಟು ದೊಡ್ಡ ಕಂದರ ತುಂಬುವುದಿಲ್ಲ.

ಬೆರಳಿನ ಹನಿಯ ಕಥೆ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಸಮೀಕ್ಷೆಯವರು ಬಳಸುವ ಹಿಮೋಕ್ಯೂ ಎಂಬ ಯಂತ್ರ ಅಂಗೈಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಬೇಕಾದದ್ದು ಸುಮಾರು 10 ಮೈಕ್ರೋಲೀಟರ್ ರಕ್ತ, ಅಂದರೆ ಒಂದು ಮಿಲಿಲೀಟರಿನ ನೂರನೇ ಒಂದು ಭಾಗ. ಯಂತ್ರ ಕೆಟ್ಟದ್ದಲ್ಲ. ಅದೇ ಯಂತ್ರಕ್ಕೆ ತೋಳಿನ ರಕ್ತ ಹಾಕಿದರೆ ಲ್ಯಾಬಿನ ದೊಡ್ಡ ಯಂತ್ರದ ಹತ್ತಿರ ಹತ್ತಿರವೇ ಉತ್ತರ ಕೊಡುತ್ತದೆ. ತೊಂದರೆ ಇರುವುದು ಹನಿಯಲ್ಲಿ. ಬೆರಳ ತುದಿಯಲ್ಲಿ ಚರ್ಮದಡಿಯ ನೀರು ಇರುತ್ತದೆ. ಮಗುವಿನ ಕೈ ತಣ್ಣಗಿದ್ದರೆ ರಕ್ತ ಸಲೀಸಾಗಿ ಬರುವುದಿಲ್ಲ, ಆಗ ಚುಚ್ಚಿದವರು ಬೆರಳನ್ನು ಹಿಂಡುತ್ತಾರೆ. ಹಿಂಡಿದರೆ ರಕ್ತದ ಜೊತೆ ಆ ನೀರೂ ಬರುತ್ತದೆ. ಹಾಲಿಗೆ ನೀರು ಬೆರೆತ ಹಾಗೆ. ಒರೆಸಿದ ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೆ ಅದೂ ಸೇರುತ್ತದೆ. ಮೊದಲ ಹನಿಗಳನ್ನು ಒರೆಸಿ ಆಮೇಲಿನದನ್ನು ತೆಗೆದುಕೊಳ್ಳಬೇಕೆಂಬ ನಿಯಮ ಕೈಪಿಡಿಯಲ್ಲಿದೆ. ಕಿರುಚಾಡುವ ಎರಡು ವರ್ಷದ ಮಗುವನ್ನು ಅಜ್ಜಿ ಒತ್ತಿ ಹಿಡಿದುಕೊಂಡಿರುವಾಗ, ಹೊರಗೆ ಇನ್ನೂ ಹತ್ತು ಮನೆ ಕಾದಿರುವಾಗ, ಮೂರನೇ ಹನಿಯವರೆಗೆ ತಾಳ್ಮೆ ಯಾರಿಗಿರುತ್ತದೆ?

ತಾಳ್ಮೆ ಇದ್ದರೂ ಸಾಲದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮೆಗನ್ ಬಾಂಡ್ ಮತ್ತು ರೆಬೆಕಾ ರಿಚರ್ಡ್ಸ್-ಕೋರ್ಟಮ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಬೆರಳಿನ ಒಂದೇ ಗಾಯದಿಂದ ಒಂದಾದ ಮೇಲೊಂದು ಆರು ಹನಿ ತೆಗೆದು ಅಳೆದರು. ಹನಿಯಿಂದ ಹನಿಗೆ ಹಿಮೋಗ್ಲೋಬಿನ್ ಬದಲಾಗುತ್ತಿತ್ತು. ಕೆಲವರಲ್ಲಿ ಎರಡು ಹನಿಗಳ ನಡುವೆ ಡೆಸಿಲೀಟರಿಗೆ 2 ಗ್ರಾಮಿಗೂ ಹೆಚ್ಚು ಅಂತರ ಬಂತು. ಅವರೆಲ್ಲ ಸುಮ್ಮನೆ ಕೈ ಚಾಚಿ ಕೂತಿದ್ದ ದೊಡ್ಡವರು. ಬೆರಳಿನ ರಕ್ತದಿಂದ ನಂಬಬಹುದಾದ ಉತ್ತರ ಬೇಕಿದ್ದರೆ ಹಲವು ಹನಿಗಳ ಸರಾಸರಿ ಬೇಕು ಎನ್ನುವುದು ಅವರ ತೀರ್ಮಾನ. ನಮ್ಮಲ್ಲಿ ಒಂದು ಹನಿ ತೆಗೆದು ದೇಶದ ಹಣೆಬರಹ ಬರೆದಾಯಿತು.

ಎರಡು ಗ್ರಾಂ ಎಂದರೆ ಎಷ್ಟು ಎಂಬ ಅಂದಾಜು ಬೇಕಲ್ಲ. ಐದು ವರ್ಷದೊಳಗಿನ ಮಗುವಿಗೆ 11 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಈ ಸಮೀಕ್ಷೆಗಳ ಗೆರೆ. 10ರಿಂದ 10.9ರವರೆಗೆ ಸೌಮ್ಯ, 7ಕ್ಕಿಂತ ಕೆಳಗೆ ತೀವ್ರ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಈ 11ರ ಗೆರೆಯ ಆಚೀಚೆಯೇ ಗುಂಪುಗಟ್ಟಿ ನಿಂತಿದ್ದಾರೆ. ಸಂತೆಯ ಜನಜಂಗುಳಿಯ ನಡುವೆ ಹಗ್ಗ ಎಳೆದ ಹಾಗೆ: ಹಗ್ಗವನ್ನು ಅರ್ಧ ಗಜ ಆಚೆ ಸರಿಸಿದರೂ ನೂರಾರು ಜನ ಈ ಕಡೆಯವರಾಗಿಬಿಡುತ್ತಾರೆ. ಅರ್ಧ ಗ್ರಾಮಿನ ತಪ್ಪು ಒಂದು ಮಗುವಿನ ಮಟ್ಟಿಗೆ ಸಣ್ಣದು, ದೇಶದ ಲೆಕ್ಕದಲ್ಲಿ ಅದು ಕೋಟಿಗೆ ಮುಟ್ಟುತ್ತದೆ.

ಇಲ್ಲಿಯವರೆಗೆ ಓದಿದವರಿಗೆ ಹಾಗಾದರೆ 67 ಸುಳ್ಳು, 41 ನಿಜ ಎಂದು ಅನ್ನಿಸಬಹುದು. ಸರ್ಕಾರಕ್ಕೂ ಹಾಗೇ ಅನ್ನಿಸಿತು, ಮತ್ತು ಅಲ್ಲೇ ಇನ್ನೊಂದು ಅನ್ಯಾಯ ಶುರುವಾಯಿತು.

ಕೈತಪ್ಪಿನಿಂದ ಆಗುವ ಏರುಪೇರು ಎರಡೂ ದಿಕ್ಕಿಗೆ ಆಗುತ್ತದೆ: ಒಂದು ಮಗುವಿಗೆ ಹೆಚ್ಚು ತೋರಿಸಿದರೆ ಇನ್ನೊಂದಕ್ಕೆ ಕಡಿಮೆ. ನಿಜವಾದ ಪ್ರಮಾಣ ನೂರಕ್ಕೆ 41 ಎಂದೇ ಇಟ್ಟುಕೊಳ್ಳೋಣ. ಎರಡೂ ದಿಕ್ಕಿಗೆ ಸಮನಾಗಿ ತಪ್ಪುವ ಅಳತೆ ಈ 41 ಅನ್ನು 45ಕ್ಕೋ 47ಕ್ಕೋ ಒಯ್ಯಬಲ್ಲದು, 50ರ ಗೆರೆ ದಾಟಿಸಲಾರದು. 67ಕ್ಕೆ ತಲುಪಬೇಕಾದರೆ ಬಹುಪಾಲು ಕೈಗಳು ಒಂದೇ ದಿಕ್ಕಿಗೆ, ಅಂದರೆ ಕೆಳಗೆ, ತಪ್ಪಬೇಕು. ಹಿಂಡಿದ ಬೆರಳು ಹಾಗೆ ಮಾಡುವುದು ಸಾಧ್ಯ. ಆದರೆ 2015–16ರ ನಾಲ್ಕನೇ ಸಮೀಕ್ಷೆಯಲ್ಲೂ ಬೆರಳನ್ನೇ ಚುಚ್ಚಿದ್ದರು, ಇದೇ ಬಗೆಯ ಯಂತ್ರವನ್ನೇ ಬಳಸಿದ್ದರು. ಆಗ ಬಂದದ್ದು 58.6. ಕರ್ನಾಟಕದ ಅಂಕಿ ಅಲ್ಲಿ 60.9 ಇದ್ದದ್ದು ಐದನೆಯದರಲ್ಲಿ 65.5 ಆಯಿತು. ಬೆರಳಿನ ರಕ್ತ ಎರಡೂ ಸಲ ತಪ್ಪು ಹೇಳಿತು ಎನ್ನೋಣ, ಆದರೆ ಎರಡನೇ ಸಲ ಯಾಕೆ ಹೆಚ್ಚು ತಪ್ಪು ಹೇಳಿತು? ತರಬೇತಿ ಸಡಿಲವಾಯಿತೇ? ಮಕ್ಕಳ ಊಟವೇ ಕೆಟ್ಟಿತೇ? ವಿಧಾನ ಸರಿಯಿಲ್ಲ ಎಂದವರು ಈ ಪ್ರಶ್ನೆಗೆ ಉತ್ತರ ಕೊಡದೆ ಎದ್ದು ಹೋಗುವಂತಿಲ್ಲ.

ತೋಳಿನ ರಕ್ತವೂ ದೇವರ ತೀರ್ಥವಲ್ಲ. ತೋಳಿಗೆ ಕಟ್ಟುವ ಪಟ್ಟಿಯನ್ನು ಬಹಳ ಹೊತ್ತು ಬಿಟ್ಟರೆ ನಾಳದ ನೀರು ಹೊರಗೆ ಜಿನುಗಿ ರಕ್ತ ಗಟ್ಟಿಯಾಗುತ್ತದೆ, ಹಿಮೋಗ್ಲೋಬಿನ್ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮಲಗಿದ್ದ ಮಗುವಿನ ರಕ್ತಕ್ಕೂ ನಿಂತಿದ್ದ ಮಗುವಿನ ರಕ್ತಕ್ಕೂ ವ್ಯತ್ಯಾಸವಿದೆ. ಭೇದಿಯಾಗಿ ನೀರು ಕಳೆದುಕೊಂಡ ಮಗುವಿನಲ್ಲಿ ರಕ್ತಹೀನತೆ ಅಡಗಿ ಕೂರುತ್ತದೆ. ಜೊತೆಗೆ, ಮಗುವಿನ ತೋಳಿಗೆ ಸೂಜಿ ಹಾಕಲು ಬಿಡುವ ಮನೆ ಮತ್ತು ಬಿಡದ ಮನೆ ಒಂದೇ ಬಗೆಯವಲ್ಲ.

ಮಾಡಬಹುದಾಗಿದ್ದ ಸರಳ ಕೆಲಸ ಒಂದಿತ್ತು. ಮುಂದಿನ ಸಮೀಕ್ಷೆಯಲ್ಲಿ ಕೆಲವು ಸಾವಿರ ಮನೆಗಳನ್ನು ಆರಿಸಿ, ಅದೇ ಮಗುವಿನ ಬೆರಳಿನಿಂದಲೂ ತೋಳಿನಿಂದಲೂ ಅದೇ ಹೊತ್ತಿಗೆ ರಕ್ತ ತೆಗೆಯುವುದು. ಆಗ ಹಳೆಯ ಅಂಕಿಗಳಿಂದ ಹೊಸ ಅಂಕಿಗಳಿಗೆ ಒಂದು ಸೇತುವೆ ಸಿಗುತ್ತಿತ್ತು. ಇಪ್ಪತ್ತು ವರ್ಷಗಳಿಂದ ಬೆರಳಿನ ಹನಿಯಲ್ಲಿ ಬರೆದ ಚರಿತ್ರೆಯನ್ನು ತಿದ್ದಿ ಓದಬಹುದಾಗಿತ್ತು. ಅದರ ಬದಲು ಆರನೇ ಸಮೀಕ್ಷೆಯಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ಕೈಬಿಟ್ಟರು. ಮುಂದೆ ತೋಳಿನ ರಕ್ತದಿಂದಲೇ ಅಳೆಯುವ ಹೊಸ ಸಮೀಕ್ಷೆಯ ಹೊಣೆಯನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗೆ ವಹಿಸಿದರು. ಒಳ್ಳೆಯ ಸಂಸ್ಥೆ, ಒಳ್ಳೆಯ ವಿಧಾನ. ಆದರೆ ಅದರ ಉತ್ತರವನ್ನು 67ರ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎಂದು ಯಾರೂ ಪ್ರಾಮಾಣಿಕವಾಗಿ ಹೇಳಲಾರರು. ಹೇಳುವವರಿಗೇನೂ ಕೊರತೆ ಇರುವುದಿಲ್ಲ, ಅದು ಬೇರೆ ಮಾತು. ಕುಟುಂಬ ಸಮೀಕ್ಷೆ ನಡೆಸುವ ಮುಂಬಯಿಯ ದೇವನಾರದ ಸಂಸ್ಥೆಯ ನಿರ್ದೇಶಕರನ್ನು 2023ರ ಜುಲೈಯಲ್ಲಿ ಅಮಾನತು ಮಾಡಿದಾಗ ಸರ್ಕಾರ ಕೊಟ್ಟ ಕಾರಣ ನೇಮಕಾತಿಯ ಅಕ್ರಮ. ಸಮೀಕ್ಷೆಯ ಅಂಕಿಗಳು ಮೇಲಿನವರಿಗೆ ಹಿಡಿಸಿರಲಿಲ್ಲ ಎಂಬ ಮಾತು ಆಗ ಪತ್ರಿಕೆಗಳಲ್ಲಿ ಬಂತು. ನಿಜವೋ ಸುಳ್ಳೋ, ಅಳತೆಯನ್ನು ಸರಿಪಡಿಸುವ ಕೆಲಸ ಅಂಥ ಹೊತ್ತಿನಲ್ಲಿ ನಡೆದರೆ ಯಾರಿಗಾದರೂ ಅನುಮಾನ ಬರುತ್ತದೆ.

ಗೆರೆಯ ಬಗ್ಗೆಯೂ ಜಗಳವಿದೆ. 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಹರ್ಷಪಾಲ್ ಸಿಂಗ್ ಸಚ್‌ದೇವ್, ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನ ಅನುರಾ ಕುರ್ಪಾಡ್ ಮತ್ತಿತರರು ಪೋಷಣಾ ಸಮೀಕ್ಷೆಯ ರಕ್ತವನ್ನೇ ಹಿಡಿದು ಒಂದು ಲೆಕ್ಕ ಮಾಡಿದರು. ಕಬ್ಬಿಣ, ವಿಟಮಿನ್‌ಗಳ ಕೊರತೆಯಾಗಲಿ ಉರಿಯೂತವಾಗಲಿ ಇಲ್ಲದ, ಆರೋಗ್ಯವಾಗಿರುವ ಭಾರತದ ಮಕ್ಕಳನ್ನು ಮಾತ್ರ ಆರಿಸಿ ಅವರ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಬಹುತೇಕ 1ರಿಂದ 2 ಗ್ರಾಂ ಕೆಳಗೇ ಗೆರೆ ಬಿತ್ತು. ಆ ಗೆರೆ ಒಪ್ಪಿದರೆ ಒಂದರಿಂದ ಹತ್ತೊಂಬತ್ತು ವರ್ಷದವರಲ್ಲಿ ರಕ್ತಹೀನತೆ ನೂರಕ್ಕೆ 30ರಿಂದ ಸುಮಾರು 11ಕ್ಕೆ ಇಳಿಯುತ್ತದೆ. ವಿಶ್ವ ಸಂಸ್ಥೆ 2024ರಲ್ಲಿ ತನ್ನ ಗೆರೆ ತಿದ್ದಿದಾಗ ಇಷ್ಟು ದೂರ ಹೋಗಲಿಲ್ಲ: ಆರರಿಂದ 23 ತಿಂಗಳವರಿಗೆ 11 ಇದ್ದದ್ದನ್ನು 10.5 ಮಾಡಿತು, ಎರಡು ವರ್ಷ ತುಂಬಿದವರಿಗೆ 11ನ್ನೇ ಉಳಿಸಿತು. ಆದರೆ ತೋಳಿನ ರಕ್ತ, ಲ್ಯಾಬಿನ ಯಂತ್ರ, ಇದೇ ಸರಿಯಾದ ದಾರಿ ಎಂದು ಸ್ಪಷ್ಟವಾಗಿ ಹೇಳಿತು.

ಅದೇ 2024ರ ಮಾರ್ಗಸೂಚಿಯಲ್ಲಿ ಊರಿನ ಎತ್ತರದ ಲೆಕ್ಕವೂ ಇದೆ. ಊರು ಬಿಟ್ಟು ಊರಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಅದು ತಮಾಷೆಯಾಗಿ ಕಾಣಬೇಕು. ಎತ್ತರದ ಊರಲ್ಲಿ ಗಾಳಿಯ ಆಮ್ಲಜನಕ ತೆಳು, ಅದನ್ನು ಸರಿದೂಗಿಸಲು ದೇಹ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ಹಾಗಾಗಿ ಎತ್ತರದ ಊರಿನವರ ಅಂಕಿಯಿಂದ ಸ್ವಲ್ಪ ಕಳೆಯಬೇಕು. ಮೊದಲು ಈ ಕಳೆಯುವಿಕೆ ಸಾವಿರ ಮೀಟರಿನಿಂದ ಶುರುವಾಗುತ್ತಿತ್ತು, ಈಗ ಐನೂರರಿಂದ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಪುಣೆ ಮತ್ತು ಹೈದರಾಬಾದ್ ಐನೂರು ದಾಟಿವೆ. ಮುಂಬಯಿ, ಚೆನ್ನೈ ಕಡಲ ದಂಡೆ, ದೆಹಲಿಯೂ ತಗ್ಗು. ಮೂರು ವರ್ಷದ ಮಗುವಿಗೆ ಚೆನ್ನೈಯಲ್ಲಿ 11.2 ಬಂದರೆ ಆರೋಗ್ಯವಂತ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅದರ ಚಿಕ್ಕಪ್ಪನ ಮಗುವಿಗೆ ಅದೇ 11.2 ಬಂದರೆ 0.4 ಕಳೆದು 10.8, ರಕ್ತಹೀನ. ಮಡಿಕೇರಿಯಲ್ಲಾದರೆ 0.8 ಕಳೆಯಬೇಕು. ಸೂತ್ರದ ಹಿಂದೆ ತರ್ಕವಿಲ್ಲವೆಂದಲ್ಲ. ಆದರೆ ಯಾವ ಲ್ಯಾಬಿನ ರಿಪೋರ್ಟಿನಲ್ಲಿ ಊರಿನ ಎತ್ತರ ಬರೆದದ್ದನ್ನು ಯಾರು ಕಂಡಿದ್ದಾರೆ?

ಸೂತ್ರವೇ ಮುಗ್ಗರಿಸುವ ಕಡೆಯೂ ಇದೆ. ಐದನೇ ಸಮೀಕ್ಷೆಯಲ್ಲಿ ಲಡಾಖಿನ ಮಕ್ಕಳ ರಕ್ತಹೀನತೆ ನೂರಕ್ಕೆ 92.5. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಹಳೆಯ ಸೂತ್ರದಂತೆ ಅಲ್ಲಿ 2.7 ಗ್ರಾಂ ಕಳೆಯಬೇಕು. ಅಂದರೆ ಅಲ್ಲಿನ ಮಗು ಆರೋಗ್ಯವಂತ ಎನ್ನಿಸಿಕೊಳ್ಳಲು 13.7 ಇರಬೇಕು. ಆ ಸೂತ್ರ ಮುಖ್ಯವಾಗಿ ಅಮೆರಿಕ ಖಂಡದ ಎತ್ತರದ ಊರುಗಳ ಅಳತೆಗಳಿಂದ ಬಂದದ್ದು. ಟಿಬೆಟಿನ ಪ್ರಸ್ಥಭೂಮಿಯ ಜನ ಸಾವಿರಾರು ವರ್ಷಗಳಿಂದ ಬೇರೆ ರೀತಿಯಲ್ಲಿ ಒಗ್ಗಿಕೊಂಡವರು, ಅದೇ ಎತ್ತರದಲ್ಲಿ ಆಂಡಿಸ್ ಪರ್ವತದವರಿಗಿಂತ ಕಡಿಮೆ ಹಿಮೋಗ್ಲೋಬಿನ್ನಿನಲ್ಲೇ ಬದುಕುತ್ತಾರೆ ಎನ್ನುವುದು ಬಹುಕಾಲದಿಂದ ತಿಳಿದ ಸಂಗತಿ. ಲಡಾಖಿಗಳು ಅವರ ನಂಟರು. ಆದರೂ 92.5 ಎಂದು ಅಚ್ಚಾಯಿತು, ಅಡಿಟಿಪ್ಪಣಿ ಇಲ್ಲದೆ ಪತ್ರಿಕೆಗಳಿಗೆ ಹೋಯಿತು.

ಸರ್ಕಾರವನ್ನು ಬೈಯುವುದು ಸುಲಭ. ಮನೆಯ ಮೇಜಿನ ಮೇಲಿರುವ ರಿಪೋರ್ಟಿನ ಕಥೆ ಇದಕ್ಕಿಂತ ಒಳ್ಳೆಯದೇನಲ್ಲ. ನಾಲ್ಕು ವರ್ಷದ ಮಗುವಿಗೆ ಜ್ವರ ಬಂತು, ಯಾರೋ ಪೂರ್ತಿ ಪ್ಯಾಕೇಜ್ ಮಾಡಿಸಿ ಎಂದರು. ಸಂಜೆ ಮೊಬೈಲಿಗೆ ಪಿಡಿಎಫ್ ಬರುತ್ತದೆ. ಆಲ್ಕಲೈನ್ ಫಾಸ್ಫಟೇಸ್ 280, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ಹೈ’. ಲಿವರ್ ಕೆಟ್ಟಿತೆಂದು ಮನೆಯವರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಕೆಂಪು ಅಕ್ಷರ ದೊಡ್ಡವರ ಮಿತಿಗೆ ಹೋಲಿಸಿ ಯಂತ್ರ ಹಾಕಿದ್ದು. ಬೆಳೆಯುವ ಮಗುವಿನ ಎಲುಬಿನಿಂದಲೂ ಈ ಕಿಣ್ವ ಬರುತ್ತದೆ, ಆ ವಯಸ್ಸಿಗೆ 280 ಎಂದರೆ ಎಲುಬು ಬೆಳೆಯುತ್ತಿದೆ ಎಂದರ್ಥ. ಇದರಿಂದ ಒಂದು ರಾತ್ರಿಯ ನಿದ್ದೆ ಹೋಗುತ್ತದೆ, ಅಷ್ಟೆ. ಕ್ರಿಯಾಟಿನಿನ್ ವಿಷಯದಲ್ಲಿ ಇದೇ ತಪ್ಪು ತಿರುಗಿ ಹೊಡೆಯುತ್ತದೆ. ಮೂರು ವರ್ಷದ ಮಗುವಿಗೆ 0.3ರ ಆಸುಪಾಸು ಇರಬೇಕಾದದ್ದು 0.8 ಬಂದರೆ ಕಿಡ್ನಿ ತೊಂದರೆಯಲ್ಲಿದೆ. ದೊಡ್ಡವರ ಮಿತಿ ಹಾಕಿದ ರಿಪೋರ್ಟಿನಲ್ಲಿ ಅದರ ಪಕ್ಕ ಯಾವ ಬಣ್ಣವೂ ಇರುವುದಿಲ್ಲ. ಕೆಂಪು ಇಲ್ಲದ ಸಾಲನ್ನು ಯಾರು ಓದುತ್ತಾರೆ? ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆಯವರು ಕ್ಯಾಲಿಪರ್ ಎಂಬ ಯೋಜನೆಯಲ್ಲಿ ಸಾವಿರಾರು ಆರೋಗ್ಯವಂತ ಮಕ್ಕಳ ರಕ್ತ ತೆಗೆದು, ವಯಸ್ಸು, ಗಂಡು-ಹೆಣ್ಣು ಎಂದು ಬಿಡಿಸಿ ಮಿತಿಗಳ ಪಟ್ಟಿ ಮಾಡಿಟ್ಟಿದ್ದಾರೆ. ಅಂಥ ಪಟ್ಟಿಯನ್ನು ಸಾಫ್ಟ್‌ವೇರಿಗೆ ತುಂಬುವುದಕ್ಕೆ ಯಾವ ಲ್ಯಾಬಿಗೂ ಹೊಸ ಯಂತ್ರ ಬೇಕಿಲ್ಲ.

ಜ್ವರದ ಮಗುವಿನ ಫೆರಿಟಿನ್ ನೋಡುವುದು ಇನ್ನೊಂದು ಮೋಸ. ಫೆರಿಟಿನ್ ಎಂದರೆ ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. ಆದರೆ ಸೋಂಕು, ಉರಿಯೂತ ಇದ್ದಾಗ ಉಗ್ರಾಣ ಖಾಲಿಯಿದ್ದರೂ ಅದು ಏರುತ್ತದೆ. ನೆಗಡಿ ಬಿಟ್ಟ ವಾರಕ್ಕೇ ಪರೀಕ್ಷಿಸಿ ‘ಕಬ್ಬಿಣ ಸಾಕಷ್ಟಿದೆ’ ಎಂದು ಟಾನಿಕ್ ನಿಲ್ಲಿಸಿದರೆ ಆ ಮಗುವಿಗೆ ನಷ್ಟ. ಅದಕ್ಕೇ ಜೊತೆಯಲ್ಲಿ ಸಿಆರ್‌ಪಿ ನೋಡಬೇಕು. ಹುಟ್ಟಿದ ಕೂಸಿನ ಥೈರಾಯ್ಡ್ ಪರೀಕ್ಷೆಯೂ ಹೀಗೇ: ಹೊರಗಿನ ಚಳಿಗೆ ಬಂದ ಮೊದಲ ಗಂಟೆಗಳಲ್ಲಿ ಟಿಎಸ್‌ಎಚ್ ತಾನಾಗಿ ಜಿಗಿಯುತ್ತದೆ, ಎರಡು ದಿನ ಕಳೆದ ಮೇಲೆ ಹಿಮ್ಮಡಿಯ ರಕ್ತ ತೆಗೆಯಬೇಕು. ಮರುದಿನವೇ ಡಿಸ್‌ಚಾರ್ಜ್ ಮಾಡುವ ಕಡೆ ಹೊರಡುವ ಮುಂಚೆ ಚುಚ್ಚಿಬಿಡುತ್ತಾರೆ, ಆಮೇಲೆ ಬಾಣಂತಿ ಅಳುತ್ತಾ ಕೂರುತ್ತಾಳೆ.

ಕನ್ನಡದ ಮಾತೂ ಇಲ್ಲಿ ಸಹಾಯ ಮಾಡುತ್ತಿಲ್ಲ. ‘ರಕ್ತಹೀನತೆ’ ಎಂದರೆ ಕೇಳಿದವರಿಗೆ ರಕ್ತವೇ ಇಲ್ಲ ಎಂದಾಗುತ್ತದೆ. ಊರಲ್ಲಿ ಅದನ್ನೇ ‘ಮಗುಗೆ ರಕ್ತ ಕಮ್ಮಿ ಐತೆ’ ಎನ್ನುತ್ತಾರೆ. ಕಮ್ಮಿಯಾದದ್ದು ರಕ್ತದೊಳಗಿನ ಹಿಮೋಗ್ಲೋಬಿನ್, ರಕ್ತದ ಅಳತೆಯಲ್ಲ. ಈ ಮಾತನ್ನು ನಂಬಿದ ತಾಯಿ ತೋಳಿನಿಂದ ರಕ್ತ ತೆಗೆಯಲು ಬಂದಾಗ ಕೇಳುವ ಪ್ರಶ್ನೆ ಪೂರ್ತಿ ನ್ಯಾಯವಾದದ್ದು: ಮೊದಲೇ ಕಮ್ಮಿ ಇರುವಾಗ ಇನ್ನೂ ಯಾಕೆ ತೆಗೀತೀರಿ? ಹನ್ನೆರಡು ಕಿಲೋ ತೂಕದ ಮಗುವಿನಲ್ಲಿ ಸುಮಾರು 900 ಮಿಲಿಲೀಟರ್ ರಕ್ತವಿರುತ್ತದೆ, ಪರೀಕ್ಷೆಗೆ ಬೇಕಾದದ್ದು ಎರಡು ಮೂರು ಮಿಲಿಲೀಟರ್. ಇದನ್ನು ಅವಳಿಗೆ ಹೇಳುವ ಬದಲು ‘ಏನಾಗಲ್ಲ ಬಿಡಮ್ಮ’ ಎನ್ನುತ್ತಾರೆ. ಬೆರಳಿನ ಹನಿ ಇಷ್ಟು ವರ್ಷ ಉಳಿದುಕೊಂಡದ್ದಕ್ಕೆ ಅಗ್ಗ, ಸುಲಭ ಎಂಬುದರ ಜೊತೆ ಈ ಮಾತಿನ ಪಾಲೂ ಇರಬೇಕು.

ಇಷ್ಟೆಲ್ಲ ಜಗಳದ ಕೊನೆಗೆ ಔಷಧಿ ನುಂಗುವುದು ಮಗು. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಐದು ವರ್ಷದೊಳಗಿನವರಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಇದೆ. ಸೌಮ್ಯ ಅಥವಾ ಮಧ್ಯಮ ರಕ್ತಹೀನತೆ ಎಂದು ಬಂದರೆ ತೂಕದ ಲೆಕ್ಕದಲ್ಲಿ ಎರಡು ತಿಂಗಳು ದಿನವೂ ಕುಡಿಸಬೇಕು. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ, ವಾಂತಿ ಬರುತ್ತದೆ. ಹಿಂಡಿದ ಬೆರಳಿನಿಂದ 10.4 ಬಂದ, ನಿಜಕ್ಕೂ 11.5 ಇರುವ ಮಗುವಿಗೆ ಇದೆಲ್ಲ ಬೇಕಿರಲಿಲ್ಲ. ತಲಸ್ಸೀಮಿಯಾದ ಅಂಶ ಹೊತ್ತ ಮಗುವಿನ ಹಿಮೋಗ್ಲೋಬಿನ್ ಕಬ್ಬಿಣದಿಂದ ಏರುವುದಿಲ್ಲ, ಆದರೂ ‘ಸರಿಯಾಗಿ ಕುಡಿಸಿಲ್ಲ’ ಎಂದು ಬೈಸಿಕೊಳ್ಳುವುದು ತಾಯಿ. ಇನ್ನೊಂದು ಕಡೆ, ನಿಜಕ್ಕೂ 9 ಇದ್ದು ಅದೃಷ್ಟದ ಹನಿಯಲ್ಲಿ 11.1 ತೋರಿಸಿದ ಮಗು ಆರೋಗ್ಯವಂತರ ಪಟ್ಟಿ ಸೇರಿ ಮನೆಗೆ ಹೋಗುತ್ತದೆ. ಅದನ್ನು ಯಾವ ಜಗಳಗಂಟರೂ ಎಣಿಸಿಲ್ಲ. 67 ಜಾಸ್ತಿಯೋ ಕಡಿಮೆಯೋ ಎಂದು ವಾದ ಮಾಡುವವರಿಬ್ಬರಿಗೂ ಬೇಕಾದದ್ದು ಒಟ್ಟು ಅಂಕಿ. ತಪ್ಪಿ ಈ ಕಡೆ ಬಂದ ಮಗುವೂ ತಪ್ಪಿ ಆ ಕಡೆ ಹೋದ ಮಗುವೂ ಆ ಒಟ್ಟಿನಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ.

ಬೇಕಾದದ್ದು ರಿಪೋರ್ಟಿನಲ್ಲಿ ನಾಲ್ಕು ಖಾನೆ. ಬೆರಳೋ ತೋಳೋ. ಎಷ್ಟು ಹೊತ್ತಿಗೆ. ಎರಡು ವಾರದೊಳಗೆ ಜ್ವರ, ಭೇದಿ ಇತ್ತೇ. ಹೋಲಿಸಿದ ಮಿತಿ ಯಾವ ವಯಸ್ಸಿನದು. ಊರಿನ ಎತ್ತರವನ್ನು ಪಿನ್‌ಕೋಡಿನಿಂದ ಕಂಪ್ಯೂಟರೇ ಕಂಡುಹಿಡಿಯಬಲ್ಲದು. ಬೆರಳಿನ ಹನಿಯಲ್ಲಿ ಕಡಿಮೆ ಬಂದರೆ ಔಷಧಿಗೆ ಮುಂಚೆ ತೋಳಿನ ರಕ್ತದಿಂದ ಇನ್ನೊಮ್ಮೆ ನೋಡಬೇಕು. ಸೀಸದ ವಿಷಯದಲ್ಲಿ ಅಮೆರಿಕದವರು ಇದನ್ನೇ ಮಾಡುತ್ತಾರೆ: ಬೆರಳಿನ ಚರ್ಮಕ್ಕೆ ಅಂಟಿದ ಧೂಳೇ ಸೀಸವಾಗಿ ಕಾಣಬಹುದು ಎಂಬ ಕಾರಣಕ್ಕೆ, ಬೆರಳಿನಲ್ಲಿ ಹೆಚ್ಚು ಬಂದರೆ ತೋಳಿನಿಂದ ತೆಗೆದು ಖಚಿತ ಮಾಡಿಕೊಳ್ಳುತ್ತಾರೆ. ಹಳ್ಳಿಯ ಉಪಕೇಂದ್ರದಲ್ಲಿ ಇದೆಲ್ಲ ಆಗದು ಎನ್ನುವವರು, ಅದೇ ಉಪಕೇಂದ್ರದ ಒಂದು ಹನಿಯಿಂದ ಎರಡು ತಿಂಗಳ ಔಷಧಿ ಬರೆಯುವುದು ಹೇಗೆ ಆಗುತ್ತದೆ ಎಂದೂ ಹೇಳಲಿ.

ಕುಟುಂಬ ಸಮೀಕ್ಷೆಯವರು ಬೆರಳು ಚುಚ್ಚಿದ ಮೇಲೆ ಮನೆಯವರ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಮಗುವಿನ ಹಿಮೋಗ್ಲೋಬಿನ್ ಬರೆದಿರುತ್ತಿತ್ತು, ದಶಾಂಶದ ಒಂದು ಸ್ಥಾನದವರೆಗೆ.